ಹಳೆಯ ಜೀಪಿನ ಎಂಜಿನ್ನಿನಲ್ಲಿ ಕಂಪ್ರೆಷನ್ ಕುಗ್ಗುವುದು: ಅದರ ಪರೀಕ್ಷೆ ಮತ್ತು ಪರಿಹಾರ

ಮಲೆನಾಡಿನ ಕಾಫಿ, ಅಡಿಕೆ, ಏಲಕ್ಕಿ ತೋಟಗಳಲ್ಲಿ ಜೀಪು ಎಂಬ ವಾಹನವು ಎತ್ತಿನ ಗಾಡಿಯ ಕೆಲಸವನ್ನೂ ಸವಾರಿಕುದುರೆಯ ಕೆಲಸವನ್ನೂ ತಾನೊಂದೇ ನಿರ್ವಹಿಸಿಕೊಂಡು ಬಂದಿರುವುದು ವಾಚಕರಿಗೆ ತಿಳಿದ ವಿಷಯವೇ ಸರಿ. ಎರಡನೆಯ ಮಹಾಯುದ್ಧವು 1945ನೆಯ ಇಸವಿಯಲ್ಲಿ ಮುಗಿದ ಮೇಲೆ ಸೈನ್ಯದಲ್ಲಿ ಮಿಕ್ಕ ಜೀಪುಗಳು ಹೊರಗೆ ಮಾರಾಟಕ್ಕೆ ಬಂದುವು. ತರುವಾಯ ಮಹೀಂದ್ರ ಕಂಪೆನಿಯವರು ವಿಲ್ಲೀಸ್ ಕಂಪೆನಿಯ ಪರವಾನಗಿಯ ಮೇಲೆ ನಮ್ಮ ದೇಶದಲ್ಲಿಯೇ ಅವನ್ನು ಜೋಡಿಸಲಾರಂಭಿಸಿದರು. ಆ ಕಾಲದ ಪೆಟ್ರೋಲ್ ಎಂಜಿನ್ನಿನ ಜೀಪುಗಳು ಕೆಲವು ತೋಟಗಳಲ್ಲಿ ಇಂದಿಗೂ ಉಳಿದುಕೊಂಡಿವೆ. ಅಜ್ಜನು ಕೊಂಡ ಜೀಪನ್ನು ಮೊಮ್ಮಗನು ನಡೆಸುತ್ತಿರುವ ಮನೆಗಳನ್ನು ನಾನು ಸರ್ಕೀಟಿನಲ್ಲಿ ಕಂಡಿದ್ದೇನೆ.

ಇಂಥ ಜೀಪಿನ ಯಜಮಾನರು ಮೇಲಿಂದ ಮೇಲೆ ಹೇಳುವ ದೂರು ಒಂದೇ: "ಎಂಜಿನ್ನು ಏರಿನಲ್ಲಿ ಎಳೆಯುವುದಿಲ್ಲ, ನಿಂತಲ್ಲಿ ನಡುಗುತ್ತದೆ." ಬೆಳೆಯ ರೋಗವನ್ನು ನೋಡತಕ್ಕ ಇನ್ಸ್‌ಪೆಕ್ಟರನಿಗೆ ಎಂಜಿನ್ನಿನ ರೋಗದ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. ಹಣ್ಣಾದ ಫಸಲು ಕಾಲಕ್ಕೆ ಸರಿಯಾಗಿ ಕಣವನ್ನು ಸೇರದಿದ್ದರೆ ವರ್ಷವೆಲ್ಲ ಮಾಡಿದ ಬೇಸಾಯವು ವ್ಯರ್ಥವಾಗುವುದಷ್ಟೆ. ಆದಕಾರಣ ಫಸಲನ್ನು ಸಾಗಿಸುವ ಯಂತ್ರದ ವಿಚಾರವೂ ಬೇಸಾಯದ ವಿಚಾರವೇ ಆಗಿದೆ. ಅಲ್ಲದೆ ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಸಲಹೆಯನ್ನು ಕೊಟ್ಟು ಒಬ್ಬ ಸಣ್ಣ ಹಿಡುವಳಿದಾರರಿಗೆ ನಷ್ಟವನ್ನುಂಟುಮಾಡಿದೆನು. ಅದನ್ನು ಮುಂದೆ ಹೇಳುತ್ತೇನೆ. ಅಂಥ ನಷ್ಟವು ಇನ್ನೊಬ್ಬರಿಗೆ ಆಗಬಾರದೆಂಬುದೇ ಈ ಲೇಖನದ ಉದ್ದೇಶ.

ಎಂಜಿನ್ನಿನ ರಚನೆ

ಜೀಪಿನ ಮೂಲ ಎಂಜಿನ್ನನ್ನು ಅಮೆರಿಕದ ಒಹಾಯೋ ಸಂಸ್ಥಾನದ ಟೊಲೀಡೊ ಪಟ್ಟಣದ ವಿಲ್ಲೀಸ್-ಓವರ್‌ಲ್ಯಾಂಡ್ ಕಂಪೆನಿಯಲ್ಲಿ ಡೆಲ್ಮಾರ್ ರೂಸ್ ಎಂಬ ಎಂಜಿನಿಯರರು ಹಳೆಯದೊಂದು ಎಂಜಿನ್ನನ್ನು ತಿದ್ದಿ ಬಲಪಡಿಸಿ ಸಿದ್ಧಮಾಡಿದರು. ಇದರಲ್ಲಿ ನಾಲ್ಕು ಸಿಲಿಂಡರುಗಳಿವೆ. ಒಂದೊಂದರ ಬಾಯಿಯ ಅಗಲ 3⅛ ಅಂಗುಲ. ಪಿಸ್ಟನ್ ಏರಿ ಇಳಿಯುವ ದೂರ 4⅜ ಅಂಗುಲ. ಒಟ್ಟು ಗಾತ್ರ ಸುಮಾರು 2.2 ಲೀಟರು, ಶಕ್ತಿ 60 ಅಶ್ವಬಲ. ಗಾಳಿಯನ್ನು ಒಳಕ್ಕೆ ಬಿಡುವ ಕವಾಟಗಳೂ ಹೊಗೆಯನ್ನು ಹೊರಕ್ಕೆ ಬಿಡುವ ಕವಾಟಗಳೂ ಸಿಲಿಂಡರಿನ ಪಕ್ಕದಲ್ಲಿಯೇ ಬ್ಲಾಕಿನೊಳಗೆ ನಿಂತಿರುತ್ತವೆ. ಮೇಲಿನ ಹೆಡ್ಡು ಬರಿಯ ಮುಚ್ಚಳ ಮಾತ್ರ. 1953ರಲ್ಲಿ ಬಂದ ಸಿಜೆ-3ಬಿ ಮಾದರಿಯಲ್ಲಿ ಒಳಗವಾಟಗಳನ್ನು ಹೆಡ್ಡಿಗೆ ಏರಿಸಿ, ಹೊಗೆಯ ಕವಾಟಗಳನ್ನು ಮಾತ್ರ ಬ್ಲಾಕಿನಲ್ಲಿ ಉಳಿಸಿಕೊಂಡರು. ಈ ಎರಡು ಬಗೆಗಳಲ್ಲಿ ತಮ್ಮದು ಯಾವುದೆಂಬುದನ್ನು ಯಜಮಾನರು ಮೊದಲು ಗೊತ್ತುಮಾಡಿಕೊಳ್ಳತಕ್ಕದ್ದು.

ಪಿಸ್ಟನ್ ಕೆಳಕ್ಕೆ ಇಳಿಯುವಾಗ ಗಾಳಿಯೂ ಪೆಟ್ರೋಲಿನ ಆವಿಯೂ ಒಳಕ್ಕೆ ಬರುತ್ತವೆ. ಅದು ಮೇಲಕ್ಕೆ ಏರುವಾಗ ಎರಡು ಕವಾಟಗಳೂ ಮುಚ್ಚಿಕೊಂಡು ಆ ಗಾಳಿಯು ಒತ್ತಲ್ಪಡುತ್ತದೆ. ಈ ಒತ್ತುವಿಕೆಯನ್ನೇ ಮೆಕ್ಯಾನಿಕ್ಕರು ಕಂಪ್ರೆಷನ್ ಎನ್ನುತ್ತಾರೆ. ಚೆನ್ನಾಗಿ ಒತ್ತಲ್ಪಟ್ಟ ಆವಿಗೆ ಕಿಡಿ ತಗುಲಿದರೆ ಬಲವಾಗಿ ಸಿಡಿದು ಪಿಸ್ಟನನ್ನು ಕೆಳಕ್ಕೆ ನೂಕುತ್ತದೆ. ಅರೆಬರೆ ಒತ್ತಲ್ಪಟ್ಟರೆ ನೂಕೂ ಅರೆಬರೆಯೇ. ಕಮ್ಮಾರನ ತಿದಿಯ ಚರ್ಮವು ಹರಿದಿದ್ದರೆ ಎಷ್ಟು ಒತ್ತಿದರೂ ಇದ್ದಲು ಕೆಂಪಾಗುವುದಿಲ್ಲವಷ್ಟೆ. ಎಂಜಿನ್ನಿನ ಸ್ಥಿತಿಯೂ ಹಾಗೆಯೇ. ನಾಲ್ಕು ಸಿಲಿಂಡರುಗಳಲ್ಲಿ ಒಂದು ಬಲಗುಂದಿದರೂ ಉಳಿದ ಮೂರರ ನಡೆಯು ಕುಂಟುತ್ತದೆ. ನಾವು ನೋಡುವ ನಡುಗು ಇದೇ.

ಒತ್ತಿದ ಗಾಳಿಯು ಸೋರಲು ದಾರಿಗಳು ನಾಲ್ಕೇ. ಒಂದನೆಯದು, ಪಿಸ್ಟನಿನ ಉಂಗುರಗಳು ಸವೆದು ಅಥವಾ ಮಸಿಯಲ್ಲಿ ಸಿಕ್ಕಿಕೊಂಡು ಕೆಳಗೆ ಎಣ್ಣೆಯ ತೊಟ್ಟಿಗೆ ಸೋರುವುದು. ಎರಡನೆಯದು, ಒಳಗವಾಟ. ಮೂರನೆಯದು, ಹೊಗೆಯ ಕವಾಟ. ನಾಲ್ಕನೆಯದು, ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಗ್ಯಾಸ್ಕೆಟ್ಟು. ಈ ನಾಲ್ಕರಲ್ಲಿ ಯಾವುದು ಎಂಬುದನ್ನು ಹೆಡ್ಡನ್ನು ಬಿಚ್ಚದೆಯೇ ಒಂದು ಗಂಟೆಯೊಳಗೆ ತಿಳಿಯಬಹುದು. ತಿಳಿಯದೆ ಬಿಚ್ಚುವುದರಿಂದ ಏನಾಗುವುದೆಂಬುದಕ್ಕೆ ಈ ಕೆಳಗಿನದು ದೃಷ್ಟಾಂತವಾಗಿದೆ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನಾನು ಕೆಲಸಮಾಡುತ್ತಿದ್ದ ಮಲೆನಾಡಿನ ತಾಲ್ಲೂಕಿನಲ್ಲಿ ಹನ್ನೆರಡು ಎಕರೆ ಅರೇಬಿಕಾ ತೋಟವುಳ್ಳ ಗೃಹಸ್ಥರೊಬ್ಬರಿದ್ದರು. ಅವರಿಗೆ ಸ್ವಂತ ಪಲ್ಪಿಂಗ್ ಯಂತ್ರವಿರಲಿಲ್ಲ. ಕೊಯ್ದ ಹಣ್ಣನ್ನು ಅದೇ ದಿವಸ ಪಲ್ಪ್ ಮಾಡಿಸದಿದ್ದರೆ ಅದು ರಾಶಿಯಲ್ಲಿಯೇ ಕಾವೇರಿ ಹುಳಿತು ಗುಣ ಕೆಡುವುದು ಬೆಳೆಗಾರರಿಗೆ ಗೊತ್ತೇ ಇದೆ. ಆದುದರಿಂದ ಪ್ರತಿ ಸಂಜೆಯೂ ಅವರ ತಂದೆಯ ಕಾಲದ ಜೀಪು ಹಣ್ಣನ್ನು ತುಂಬಿಕೊಂಡು ನಾಲ್ಕು ಮೈಲಿ ದೂರದ ನೆರೆಯವರ ಕಣಕ್ಕೆ ಹೋಗಿ ಬರುತ್ತಿದ್ದಿತು.

ನವೆಂಬರಿನಲ್ಲಿ ಕೊಯ್ಲು ಮೊದಲಾದ ವಾರದಲ್ಲಿಯೇ ಜೀಪು ನಡುಗತೊಡಗಿತು. ನಾನು ಅಲ್ಲಿಗೆ ಹೋಗಿದ್ದಾಗ ಎಂಜಿನ್ನನ್ನು ಹೊರಡಿಸಿ ತೋರಿಸಿದರು. ಮೊದಲ ಗಳಿಗೆಯಲ್ಲಿ ಸ್ವಲ್ಪ ನೀಲಿ ಹೊಗೆ ಬಂದಿತು. ಅದನ್ನು ಕಂಡು ನಾನು, ಉಂಗುರಗಳು ಸವೆದಿವೆ, ಬೋರ್ ಮಾಡಿಸುವುದೇ ಮೇಲೆಂದು ಹೇಳಿಬಿಟ್ಟೆನು. ಜಗಲಿಯಲ್ಲಿ ಕುಳಿತಿದ್ದ ಯಜಮಾನರ ವೃದ್ಧ ತಾಯಿಯವರು, "ಬೆಳಗ್ಗೆ ತಣ್ಣಗಿರುವಾಗ ಸರಿಯಾಗಿಯೇ ಹೋಗುತ್ತದೆ, ಒಂದು ಮೈಲಿ ಹೋಗಿ ಬಿಸಿಯಾದ ಮೇಲೆಯೇ ಅದಕ್ಕೆ ಈ ಚಳಿ" ಎಂದರು. ಆ ಮಾತಿಗೆ ನಾನಾಗಲಿ ಅವರ ಮಗನಾಗಲಿ ಗಮನವನ್ನೀಯಲಿಲ್ಲ.

ಪಟ್ಟಣದ ಕಾರ್ಖಾನೆಯೊಂದರಲ್ಲಿಯೂ ಇದೇ ಅಭಿಪ್ರಾಯವನ್ನು ಕೊಟ್ಟರು. ಸಿಲಿಂಡರುಗಳನ್ನು ಕೊರೆದು, ಹೊಸ ಪಿಸ್ಟನು ಉಂಗುರಗಳನ್ನು ಹಾಕಿ, ಕವಾಟಗಳನ್ನು ಉಜ್ಜಿ ಕೂರಿಸಿ ಕೊಡುವುದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರಗಳೂ ಕೊಯ್ಲಿನ ನಡುಗಾಲ. ಬಾಡಿಗೆಯ ಗಾಡಿ ಸಿಕ್ಕಿದ ದಿನ ಹಣ್ಣು ಪಲ್ಪರಿಗೆ ಹೋಯಿತು. ಸಿಕ್ಕದ ದಿನ ಅಂಗಳದಲ್ಲಿಯೇ ಚೆರ್ರಿಯಾಗಿ ಒಣಗಿತು. ಅಕಾಲದ ಎರಡು ಮಳೆಗೆ ಸಿಕ್ಕಿ ಅದರಲ್ಲಿ ಒಂದು ಪಾಲು ಬೂಷ್ಟು ಹಿಡಿಯಿತು. ಕಾರ್ಖಾನೆಗೆ ಕೊಟ್ಟ ಹಣವು ಆ ಸಾಲಿನ ಹತ್ತು ಮೂಟೆ ಕಾಫಿಯ ಬೆಲೆಯಷ್ಟಾಯಿತು.

ಜೀಪು ಮನೆಗೆ ಬಂದು ಎಂಟನೆಯ ದಿವಸ ಮೊದಲಿನಂತೆಯೇ ನಡುಗಿತು.

ಆಗ ನೆರೆಯ ಎಸ್ಟೇಟಿನಲ್ಲಿ ಬಹುಕಾಲ ಚಾಲಕರಾಗಿದ್ದ ಮುದುಕರೊಬ್ಬರನ್ನು ಕರೆಸಿದರು. ನಾನೂ ಅಲ್ಲಿದ್ದೆನು. ಅವರು ಕೇಳಿದ ಮೊದಲ ಪ್ರಶ್ನೆ, "ಬೋರ್ ಮಾಡಿಸುವುದಕ್ಕೆ ಮುಂಚೆ ನಾಲ್ಕು ಸಿಲಿಂಡರುಗಳ ಒತ್ತಡ ಎಷ್ಟೆಷ್ಟು ಇದ್ದಿತು?" ಎಂಬುದು. ಯಾರೂ ಅಳೆದಿರಲಿಲ್ಲ. ಅವರು ಎಂಜಿನ್ನನ್ನು ಬಿಸಿಮಾಡಿಸಿ ಅಳೆದರು. ಒಂದು, ಎರಡು ಮತ್ತು ನಾಲ್ಕನೆಯ ಸಿಲಿಂಡರುಗಳು 90 ಪೌಂಡಿಗೆ ಮೇಲಿದ್ದುವು, ಮೂರನೆಯದು 40. ಪಕ್ಕದ ಮುಚ್ಚಳವನ್ನು ತೆಗೆದು ಸಂದಿನ ಅಳತೆಯ ತಗಡನ್ನು ಹಿಡಿದರೆ ಮೂರನೆಯ ಹೊಗೆಯ ಕವಾಟದ ಕೆಳಗೆ ಅತಿ ತೆಳುವಾದ ತಗಡೂ ಹೋಗಲಿಲ್ಲ. ಕವಾಟವನ್ನು ಉಜ್ಜಿದ್ದರಿಂದ ಅದು ತನ್ನ ಪೀಠದಲ್ಲಿ ಇನ್ನಷ್ಟು ಕೆಳಗೆ ಕುಳಿತು, ಮೊದಲೇ ಕಡಿಮೆಯಾಗಿದ್ದ ಸಂದು ಪೂರಾ ಮುಚ್ಚಿಹೋಗಿದ್ದಿತು; ಉಜ್ಜಿದವರು ಸಂದನ್ನು ಮರಳಿ ಸರಿಪಡಿಸಿರಲಿಲ್ಲ. ತಣ್ಣಗಿರುವಾಗ ಕವಾಟವು ಹೇಗೋ ಮುಚ್ಚಿಕೊಳ್ಳುತ್ತಿದ್ದಿತು. ಬಿಸಿಯಾಗಿ ಕಾಂಡವು ನೀಳವಾದೊಡನೆ ಪೂರ್ತಿ ಮುಚ್ಚಲಾರದೆ ಬೆಂಕಿಯು ಅದರ ಅಂಚಿನಲ್ಲಿ ಹಾಯುತ್ತಿದ್ದಿತು. ತಾಯಿಯವರು ಹೇಳಿದ್ದು ಅಕ್ಷರಶಃ ನಿಜವಾಗಿದ್ದಿತು.

ಒಂದು ಕವಾಟ ಮತ್ತು ಅರ್ಧ ದಿವಸದ ಕೆಲಸದಿಂದ ಆ ಜೀಪು ಸರಿಹೋಯಿತು. ಆದರೆ ಆ ಬ್ಲಾಕನ್ನು ಹಿಂದೆಯೇ ಎರಡು ಸಲ ಕೊರೆಸಿದ್ದರು. ಈಗ ಮೂರನೆಯ ಸಲ ಕಾರಣವಿಲ್ಲದೆ ಕೊರೆದಂತಾಯಿತು. ಕೊರೆದ ಕಬ್ಬಿಣವು ಮರಳಿ ಬರುವುದಿಲ್ಲ. ಮುಂದೆ ನಿಜವಾಗಿಯೂ ಸವೆದಾಗ ಸಿಲಿಂಡರಿಗೆ ಒಳಗೊಳವೆಯನ್ನು ಕೂರಿಸುವುದಲ್ಲದೆ ಬೇರೆ ಗತಿಯಿಲ್ಲ. ಯಜಮಾನರು ನನಗೆ ಒಂದು ಮಾತನ್ನೂ ಆಡಲಿಲ್ಲ. ಕಾಫಿಯನ್ನೇ ಕೊಟ್ಟು ಕಳುಹಿಸಿದರು. ಅಂದಿನಿಂದ ಅಳೆಯದೆ ಯಾವ ಎಂಜಿನ್ನಿನ ವಿಷಯದಲ್ಲಿಯೂ ಅಭಿಪ್ರಾಯವನ್ನು ಕೊಡುವುದಿಲ್ಲವೆಂದು ನಿಶ್ಚಯಿಸಿದ್ದೇನೆ.

ಅಳೆಯುವ ಕ್ರಮ

ಕಂಪ್ರೆಷನ್ ಗೇಜು ಎಂಬ ಗಡಿಯಾರದಂಥ ಉಪಕರಣವು ಮೋಟಾರು ಸಾಮಾನಿನ ಅಂಗಡಿಗಳಲ್ಲಿ ಸಿಕ್ಕುತ್ತದೆ. ನಾಲ್ಕಾರು ಮಂದಿ ಜಮೀನುದಾರರು ಸೇರಿ ಒಂದನ್ನು ಇಟ್ಟುಕೊಂಡರೂ ಸಾಕು. ಅದನ್ನು ಉಪಯೋಗಿಸುವ ವಿಧಾನವು ಹೀಗೆ:

(1) ಎಂಜಿನ್ನನ್ನು ಚೆನ್ನಾಗಿ ಬಿಸಿಯಾಗುವವರೆಗೆ ನಡೆಸಿ ನಿಲ್ಲಿಸತಕ್ಕದ್ದು. ಗೇರನ್ನು ತಟಸ್ಥದಲ್ಲಿಟ್ಟು ಕೈಬ್ರೇಕನ್ನು ಹಾಕಬೇಕು.

(2) ಸ್ಪಾರ್ಕ್ ಪ್ಲಗ್ಗುಗಳ ಸುತ್ತಲಿನ ಧೂಳನ್ನು ಊದಿ ತೆಗೆದು, ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಬೇಕು. ಯಾವ ಪ್ಲಗ್ಗು ಯಾವ ಸಿಲಿಂಡರಿನದೆಂಬುದು ಮರೆಯದಂತೆ ಸಾಲಾಗಿ ಇಡಬೇಕು. ಕಿಡಿಯು ಹಾರದಂತೆ ಕಾಯಿಲಿನ ಸಂಪರ್ಕವನ್ನು ತಪ್ಪಿಸಬೇಕು. ಏಕೆಂದರೆ ತೆರೆದ ತೂತುಗಳಿಂದ ಪೆಟ್ರೋಲಿನ ಆವಿಯು ಹೊರಬರುತ್ತಿರುತ್ತದೆ.

(3) ಕಾರ್ಬ್ಯುರೇಟರಿನ ಗಾಳಿಯ ಬಾಗಿಲನ್ನೂ ಚೋಕನ್ನೂ ಪೂರ್ತಿಯಾಗಿ ತೆರೆದಿಡಬೇಕು. ಇದನ್ನು ಮರೆತರೆ ಒಳಕ್ಕೆ ಗಾಳಿಯೇ ಬಾರದೆ, ಆರೋಗ್ಯವಾದ ಎಂಜಿನ್ನೂ ರೋಗಿಯಂತೆ ತೋರುತ್ತದೆ.

(4) ಗೇಜನ್ನು ಒಂದು ತೂತಿಗೆ ಬಿಗಿಯಾಗಿ ಹಿಡಿದು, ಒಬ್ಬನು ಸ್ಟಾರ್ಟರನ್ನು ಒತ್ತಿ, ಗೇಜಿನ ಮುಳ್ಳು ಐದಾರು ಸಲ ಜಿಗಿಯುವವರೆಗೆ ತಿರುಗಿಸಬೇಕು. ಮೊದಲನೆಯ ಜಿಗಿತದ ಅಂಕಿಯನ್ನೂ ಕೊನೆಯ ಅಂಕಿಯನ್ನೂ ಬರೆದುಕೊಳ್ಳಬೇಕು. ನಾಲ್ಕು ಸಿಲಿಂಡರುಗಳಿಗೂ ತಿರುಗಿಸುವ ಸಲಗಳು ಒಂದೇ ಆಗಿರಬೇಕು. ಬ್ಯಾಟರಿಯು ಬಲವಾಗಿರಬೇಕು.

(5) ಮಾರನೆಯ ಬೆಳಗ್ಗೆ ಎಂಜಿನ್ನು ತಣ್ಣಗಿರುವಾಗ ಇನ್ನೊಮ್ಮೆ ಅಳೆದು ಆ ಅಂಕಿಗಳನ್ನೂ ಪಕ್ಕದಲ್ಲಿ ಬರೆಯಬೇಕು.

ಗೇಜು ಇಲ್ಲದವರು ಹಿಡಿಯನ್ನು ಹಾಕಿ ಕೈಯಿಂದಲೇ ಸ್ಥೂಲವಾಗಿ ತಿಳಿಯಬಹುದು. ಪ್ಲಗ್ಗುಗಳು ಸ್ಥಳದಲ್ಲಿರಲಿ, ಇಗ್ನಿಷನ್ ಮುಚ್ಚಿರಲಿ. ಹಿಡಿಯನ್ನು ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಿದರೆ, ಅರ್ಧ ಸುತ್ತಿಗೊಂದರಂತೆ ನಾಲ್ಕು ಕಡೆ ತಡೆಯು ಕೈಗೆ ಗೊತ್ತಾಗಬೇಕು. ನಾಲ್ಕರಲ್ಲಿ ಒಂದು ಕಡೆ ಹಿಡಿಯು ಸುಮ್ಮನೆ ಜಾರಿದರೆ ಆ ಸಿಲಿಂಡರು ಸೋರುತ್ತಿದೆ ಎಂದರ್ಥ. ಹಿಡಿಯುವಾಗ ಹೆಬ್ಬೆರಳನ್ನು ಮಿಕ್ಕ ಬೆರಳುಗಳ ಪಕ್ಕದಲ್ಲಿಯೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು ಮೇಲಿನಿಂದ ಕೆಳಕ್ಕೆ ಅದುಮಬಾರದು. ಎಂಜಿನ್ನು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವುದುಂಟು.

ಅಂಕಿಗಳನ್ನು ಓದುವ ಬಗೆ

ಬಯಲುಸೀಮೆಯ ಮಟ್ಟದಲ್ಲಿ ಪಕ್ಕಗವಾಟದ ಈ ಎಂಜಿನ್ನು ಸ್ವಸ್ಥವಾಗಿದ್ದರೆ ಚದರಂಗುಲಕ್ಕೆ ಸುಮಾರು 90ರಿಂದ 110 ಪೌಂಡು ಒತ್ತಡವನ್ನು ತೋರಿಸುತ್ತದೆ. ಒಳಗವಾಟವು ಹೆಡ್ಡಿನಲ್ಲಿರುವ ಮಾದರಿಯಲ್ಲಿ ಇದಕ್ಕಿಂತ ಹೆಚ್ಚು ಇರಬೇಕು. ಮಲೆನಾಡಿನವರು ಒಂದು ವಿಷಯವನ್ನು ಮರೆಯಬಾರದು. ಮಡಿಕೇರಿಯಂಥ ಸಾವಿರ ಮೀಟರಿಗೂ ಎತ್ತರವಾದ ಊರುಗಳಲ್ಲಿ ಗಾಳಿಯೇ ತೆಳುವಾಗಿರುವುದರಿಂದ ಗೇಜಿನಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆ ತೋರುತ್ತದೆ. ಮಂಗಳೂರಿನಲ್ಲಿ 100 ತೋರಿಸುವ ಎಂಜಿನ್ನು ಅಲ್ಲಿ 90ನ್ನು ತೋರಿಸಿದರೆ ಅದು ದೋಷವಲ್ಲ.

ಮೊತ್ತದ ಅಂಕಿಗಿಂತಲೂ ಸಿಲಿಂಡರುಗಳ ನಡುವಣ ವ್ಯತ್ಯಾಸವೇ ಮುಖ್ಯವಾದುದು. ನಾಲ್ಕೂ 80ರಲ್ಲಿ ಸಮನಾಗಿದ್ದರೆ ಎಂಜಿನ್ನು ಮುದಿಯಾಗಿದ್ದರೂ ನಯವಾಗಿ ಓಡುತ್ತದೆ. ಮೂರು 100ರಲ್ಲಿದ್ದು ಒಂದು 60ರಲ್ಲಿದ್ದರೆ ಅದು ನಡುಗದೆ ಇರುವುದಿಲ್ಲ. 10 ಪೌಂಡಿಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಕಾರಣವನ್ನು ಹುಡುಕಬೇಕು.

ಕಡಿಮೆಯಿರುವ ಸಿಲಿಂಡರಿಗೆ ಒಂದು ದೊಡ್ಡ ಚಮಚದಷ್ಟು ಎಂಜಿನ್ ಎಣ್ಣೆಯನ್ನು ಪ್ಲಗ್ಗಿನ ತೂತಿನಿಂದ ಬಿಟ್ಟು, ಕೆಲವು ಸುತ್ತು ತಿರುಗಿಸಿ, ಮತ್ತೆ ಅಳೆಯತಕ್ಕದ್ದು. ಒತ್ತಡವು ಚೆನ್ನಾಗಿ ಏರಿದರೆ, ಎಣ್ಣೆಯು ಉಂಗುರಗಳ ಸಂದನ್ನು ಮುಚ್ಚಿತು. ಆದಕಾರಣ ದೋಷವು ಉಂಗುರಗಳಲ್ಲಿದೆ ಅಥವಾ ಸಿಲಿಂಡರಿನ ಗೋಡೆಯಲ್ಲಿದೆ. ಏರದಿದ್ದರೆ ದೋಷವು ಕವಾಟದಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿದೆ. ಪಕ್ಕಗವಾಟದ ಎಂಜಿನ್ನಿನಲ್ಲಿ ಎಣ್ಣೆಯು ನೇರವಾಗಿ ಬಿದ್ದರೆ ಕವಾಟಗಳ ಮೇಲೆಯೇ ನಿಂತು ತಪ್ಪು ಸಾಕ್ಷ್ಯವನ್ನು ನುಡಿಯಬಹುದು. ಆದುದರಿಂದ ಬಾಗಿದ ಉದ್ದ ಮೂತಿಯ ಎಣ್ಣೆಗಿಂಡಿಯಿಂದ ಪಿಸ್ಟನಿನ ಕಡೆಗೆ ಬಿಡಬೇಕು.

ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆಯಿದ್ದರೆ, ಅವುಗಳ ನಡುವೆ ಗ್ಯಾಸ್ಕೆಟ್ಟು ಸುಟ್ಟುಹೋಗಿರುವ ಸಂಭವ ಹೆಚ್ಚು. ನಾಲ್ಕೂ ಒಂದೇ ಸಮನಾಗಿ ಬಹಳ ಕಡಿಮೆಯಿದ್ದರೆ ಮೊದಲು ಬ್ಯಾಟರಿಯನ್ನೂ ಗಾಳಿಯ ಬಾಗಿಲನ್ನೂ ನೋಡಬೇಕು. ಅವು ಸರಿಯಿದ್ದರೆ ಕವಾಟಗಳನ್ನು ನಡೆಸುವ ಸರಪಳಿ ಅಥವಾ ಹಲ್ಲುಗಾಲಿಯ ಗುರುತು ತಪ್ಪಿರಬಹುದು. ತಣ್ಣಗಿರುವಾಗ ಸರಿಯಿದ್ದು ಬಿಸಿಯಾದಾಗ ಒಂದು ಸಿಲಿಂಡರು ಬಿದ್ದುಹೋದರೆ, ಕವಾಟದ ಸಂದು ಇಲ್ಲವಾಗಿದೆಯೆಂದು ಮೊದಲು ಸಂದೇಹಪಡಬೇಕು.

ಸೋರುವ ಸ್ಥಳವನ್ನು ಕಿವಿಯಿಂದ ಹುಡುಕುವುದು

ದೋಷವುಳ್ಳ ಸಿಲಿಂಡರು ಗೊತ್ತಾದ ಮೇಲೆ ಅದರ ತೂತಿಗೆ ಹೆಬ್ಬೆರಳನ್ನಿಟ್ಟು ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಗಾಳಿಯು ಬೆರಳನ್ನು ನೂಕತೊಡಗಿದರೆ ಎರಡು ಕವಾಟಗಳೂ ಮುಚ್ಚಿಕೊಂಡಿವೆ ಎಂದರ್ಥ. ಪಿಸ್ಟನನ್ನು ಮೇಲಿನ ಕೊನೆಗೆ ತಂದು ನಿಲ್ಲಿಸಿ, ಹಿಡಿಯನ್ನು ತಪ್ಪದೆ ಹೊರಕ್ಕೆ ತೆಗೆದು, ಗಾಲಿಗಳಿಗೆ ಅಡ್ಡಗಲ್ಲನ್ನಿಟ್ಟು, ಗೇರಿನಲ್ಲಿ ಹಾಕಿ ಬಿಡಬೇಕು. ಆಮೇಲೆ ಟೈರಿಗೆ ಗಾಳಿ ತುಂಬುವ ಯಂತ್ರದ ಕೊಳವೆಯನ್ನು ಪ್ಲಗ್ಗಿನ ತೂತಿಗೆ ಜೋಡಿಸಿ ಗಾಳಿಯನ್ನು ಬಿಡಬೇಕು. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಅಲ್ಲಲ್ಲಿ ಇಟ್ಟು ಕೇಳಿದರೆ ಸೋರುವ ದಾರಿಯು ತಾನೇ ಹೇಳುತ್ತದೆ. ಸದ್ದು ಕಾರ್ಬ್ಯುರೇಟರಿನಲ್ಲಿ ಕೇಳಿದರೆ ಒಳಗವಾಟ. ಹೊಗೆಯ ಕೊಳವೆಯಲ್ಲಿ ಕೇಳಿದರೆ ಹೊಗೆಯ ಕವಾಟ. ಎಣ್ಣೆ ಹೊಯ್ಯುವ ಬಾಯಿಯಲ್ಲಿ ಕೇಳಿದರೆ ಉಂಗುರ. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಎದ್ದರೆ ಅಥವಾ ಪಕ್ಕದ ಪ್ಲಗ್ಗಿನ ತೂತಿನಲ್ಲಿ ಗಾಳಿ ಬಂದರೆ ಗ್ಯಾಸ್ಕೆಟ್ಟು. ಉಂಗುರಗಳಲ್ಲಿ ಸ್ವಲ್ಪ ಸೋರುವುದು ಹೊಸ ಎಂಜಿನ್ನಿನಲ್ಲಿಯೂ ಇರುತ್ತದೆ. ಕವಾಟದಲ್ಲಿ ಸ್ವಲ್ಪವೂ ಇರಕೂಡದು.

ಕವಾಟದ ಸಂದು

ಕವಾಟದ ಕಾಂಡಕ್ಕೂ ಅದನ್ನು ಎತ್ತುವ ಟ್ಯಾಪೆಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದನ್ನು ಬಿಟ್ಟಿರುತ್ತಾರೆ. ಮೂಲ ಎಂಜಿನ್ನಿನಲ್ಲಿ ಇದು ತಣ್ಣಗಿರುವಾಗ ಮಾದರಿಗೆ ತಕ್ಕಂತೆ 0.014ರಿಂದ 0.016 ಅಂಗುಲ, ಅಂದರೆ ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಪಾಲಿನಷ್ಟು. ತಮ್ಮ ಮಾದರಿಯ ಖಚಿತವಾದ ಅಳತೆಯನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಬಿಸಿಯಾದಾಗ ಕಾಂಡವು ಬೆಳೆಯುವುದಕ್ಕಾಗಿ ಈ ಜಾಗ.

ಇದರ ವಿಷಯದಲ್ಲಿ ಬಹಳ ಜನರ ತಿಳಿವಳಿಕೆಯು ತಲೆಕೆಳಗಾಗಿದೆ. ಟಿಕ್ ಟಿಕ್ ಎಂಬ ಸದ್ದು ಬಂದರೆ ಎಂಜಿನ್ನು ಕೆಟ್ಟಿತೆಂದೂ ಸದ್ದಡಗಿದರೆ ಉತ್ತಮವಾಯಿತೆಂದೂ ಎಣಿಸುತ್ತಾರೆ. ವಾಸ್ತವದಲ್ಲಿ ಕವಾಟವೂ ಅದರ ಪೀಠವೂ ಸವೆದಂತೆಲ್ಲ ಕವಾಟವು ಕೆಳಕ್ಕೆ ಕುಸಿದು ಸಂದು ಕಡಿಮೆಯಾಗುತ್ತದೆ, ಸದ್ದೂ ಕಡಿಮೆಯಾಗುತ್ತದೆ. ತುಸು ಸದ್ದುಮಾಡುವ ಕವಾಟವು ಮುಚ್ಚಿಕೊಳ್ಳುತ್ತಿದೆಯೆಂದಾದರೂ ನಂಬಬಹುದು. ಸದ್ದೇ ಇಲ್ಲದ ಕವಾಟವನ್ನು ನಂಬಕೂಡದು. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಸೀಸವನ್ನು ಬೆರಸುವುದು 2000ನೆಯ ಇಸವಿಯ ಫೆಬ್ರವರಿ 1ರಿಂದ ನಿಂತುಹೋಯಿತು. ಜನಾರೋಗ್ಯಕ್ಕೆ ಇದು ಬಹಳ ಒಳ್ಳೆಯದಾಯಿತು. ಆದರೆ ಆ ಸೀಸವು ಹಳೆಯ ಎಂಜಿನ್ನುಗಳ ಕವಾಟದ ಪೀಠಕ್ಕೆ ಒಂದು ಮೆತ್ತೆಯಂತೆಯೂ ಇದ್ದಿತು. ಗಟ್ಟಿ ಪೀಠವನ್ನು ಹಾಕಿಸದ ಎಂಜಿನ್ನುಗಳಲ್ಲಿ ಸಂದನ್ನು ಈಗ ಹೆಚ್ಚು ಸಲ ನೋಡಬೇಕಾಗಿದೆ. ವರ್ಷಕ್ಕೊಮ್ಮೆ, ಕೊಯ್ಲಿಗೆ ಒಂದು ತಿಂಗಳು ಮುಂಚೆ ನೋಡುವುದು ಲೇಸು.

ಸಂದನ್ನು ಸರಿಪಡಿಸಿದ ಮೇಲೆಯೂ ಒತ್ತಡವು ಏರದಿದ್ದರೆ ಹೆಡ್ಡನ್ನು ಬಿಚ್ಚಲೇಬೇಕು. ಅಂಚು ತೆಳುವಾಗಿರುವ, ಬಿರುಕುಬಿಟ್ಟ, ಸುಟ್ಟು ಹಳ್ಳಬಿದ್ದ ಕವಾಟವನ್ನು ಉಜ್ಜಿ ಪ್ರಯೋಜನವಿಲ್ಲ, ಬದಲಾಯಿಸಬೇಕು. ಒಳ್ಳೆಯವನ್ನು ಉಜ್ಜುವ ಹಿಟ್ಟಿನಿಂದ ಮೆಲ್ಲನೆ ಉಜ್ಜಿ, ಸುತ್ತಲೂ ಒಂದೇ ಅಗಲದ ಬೂದುಬಣ್ಣದ ಪಟ್ಟಿ ಕಾಣುವಂತೆ ಮಾಡಬೇಕು. ಒಂದರ ಕವಾಟವು ಇನ್ನೊಂದರ ಪೀಠಕ್ಕೆ ಹೋಗಬಾರದು. ಹಲಗೆಯೊಂದಕ್ಕೆ ಎಂಟು ತೂತು ಕೊರೆದು ಅಂಕಿ ಹಾಕಿ ಅದರಲ್ಲಿ ನಿಲ್ಲಿಸಿಕೊಳ್ಳುವುದು ಸುಲಭೋಪಾಯ. ಹಿಟ್ಟನ್ನು ಕಣವೂ ಉಳಿಯದಂತೆ ಒರೆಸಿ, ಸೀಮೆಎಣ್ಣೆಯನ್ನು ಮೇಲೆ ಹೊಯ್ದು ಸೋರದಿರುವುದನ್ನು ನೋಡಿ, ಕೊನೆಗೆ ಎಂಟು ಸಂದುಗಳನ್ನೂ ಹೊಸದಾಗಿ ಅಳೆದು ಸರಿಪಡಿಸತಕ್ಕದ್ದು. ಉಜ್ಜಿದ ಮೇಲೆ ಸಂದನ್ನು ಅಳೆಯದವನು ಕೆಲಸವನ್ನು ಅರ್ಧಕ್ಕೆ ಬಿಟ್ಟವನೇ. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಕ್ರಮವಾಗಿ, ಮೂರು ಸುತ್ತಿನಲ್ಲಿ, ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು.

ಕಂಪ್ರೆಷನ್ ಸರಿಯಿದ್ದೂ ನಡುಗುವುದು

ನಾಲ್ಕು ಅಂಕಿಗಳೂ ಸಮನಾಗಿದ್ದು ಎಂಜಿನ್ನು ನಡುಗಿದರೆ ದೋಷವು ಕಿಡಿಯಲ್ಲಿ ಅಥವಾ ಪೆಟ್ರೋಲಿನಲ್ಲಿ ಇದೆ. ಎಂಜಿನ್ನು ಓಡುತ್ತಿರುವಾಗ ಮರದ ಅಥವಾ ರಬ್ಬರಿನ ಹಿಡಿಯುಳ್ಳ ತಿರುಪುಳಿಯಿಂದ ಒಂದೊಂದೇ ಪ್ಲಗ್ಗಿನ ತಲೆಯನ್ನು ಬ್ಲಾಕಿಗೆ ಮುಟ್ಟಿಸಿ ಕಿಡಿಯನ್ನು ತಪ್ಪಿಸಬೇಕು. ಯಾವುದನ್ನು ತಪ್ಪಿಸಿದಾಗ ಎಂಜಿನ್ನಿನ ನಡೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲವೋ ಆ ಸಿಲಿಂಡರು ಮೊದಲೇ ಸುಮ್ಮನಿದ್ದಿತೆಂದು ತಿಳಿಯಬೇಕು. ಪ್ಲಗ್ಗಿನ ಸಂದು 0.030 ಅಂಗುಲ, ಡಿಸ್ಟ್ರಿಬ್ಯೂಟರಿನ ಬಿಂದುಗಳ ಸಂದು 0.020 ಅಂಗುಲ ಇರಬೇಕು. ತಂತಿಗಳು 1, 3, 4, 2 ಎಂಬ ಕ್ರಮದಲ್ಲಿರಬೇಕು. ಕಾರ್ಬ್ಯುರೇಟರಿನ ಕೆಳಗೆ ಮತ್ತು ಮ್ಯಾನಿಫೋಲ್ಡಿನ ಜೋಡಣೆಯಲ್ಲಿ ಗಾಳಿಯು ಕಳ್ಳದಾರಿಯಿಂದ ನುಗ್ಗುತ್ತಿದ್ದರೂ ನಡುಗು ಬರುತ್ತದೆ.

ಎಥನಾಲ್ ಶೇಕಡ 20ರಷ್ಟು ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಆಮೇಲೆ ದೇಶದಲ್ಲೆಲ್ಲ ಹರಡಿತು. ಕಬ್ಬು ಬೆಳೆಯುವವರಿಗೆ ಇದರಿಂದ ಅನುಕೂಲವಿದ್ದರೂ, ಹಳೆಯ ಜೀಪಿನ ಪೆಟ್ರೋಲ್ ಪಂಪಿನ ಪೊರೆ, ರಬ್ಬರ್ ಕೊಳವೆ ಮುಂತಾದವು ಅದನ್ನು ತಾಳುವಂತೆ ಮಾಡಿದವುಗಳಲ್ಲ. ಪೊರೆ ಹರಿದರೆ ಪೆಟ್ರೋಲು ಎಣ್ಣೆಯ ತೊಟ್ಟಿಗೆ ಇಳಿದು ಎಣ್ಣೆಯನ್ನು ನೀರಾಗಿಸಿ ಉಂಗುರಗಳನ್ನೂ ಬೇರಿಂಗುಗಳನ್ನೂ ಸವೆಯಿಸುತ್ತದೆ. ಅಳತೆಯ ಕಡ್ಡಿಯನ್ನು ತೆಗೆದಾಗ ಪೆಟ್ರೋಲಿನ ವಾಸನೆ ಬಂದರೆ ಎಂಜಿನ್ನನ್ನು ಹೊರಡಿಸಲೇಬಾರದು. ಎಥನಾಲನ್ನು ತಾಳುವ ಪೊರೆ ಮತ್ತು ಕೊಳವೆಗಳನ್ನು ಹಾಕಿಸಿಕೊಳ್ಳುವುದು ಕ್ಷೇಮ.

ಮಳೆಗಾಲದ ಜಾಗ್ರತೆ

ಜೂನಿನಿಂದ ಸೆಪ್ಟೆಂಬರಿನವರೆಗೆ ಜೀಪನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಡುವುದು ಮಲೆನಾಡಿನಲ್ಲಿ ವಾಡಿಕೆ. ಆ ತೇವದಲ್ಲಿ ಕವಾಟದ ಕಾಂಡಗಳು ತುಕ್ಕುಹಿಡಿದು ಸಿಕ್ಕಿಕೊಳ್ಳುತ್ತವೆ. ಉಂಗುರಗಳು ಮಸಿಯಲ್ಲಿ ಅಂಟಿಕೊಳ್ಳುತ್ತವೆ. ಹೀಗಾದ ಎಂಜಿನ್ನಿನಲ್ಲಿ ಕಂಪ್ರೆಷನ್ ಇಲ್ಲವೆಂದು ಕಂಡರೆ ಒಡನೆ ಕಾರ್ಖಾನೆಗೆ ಒಯ್ಯಬೇಕಾಗಿಲ್ಲ. ಸೀಮೆಎಣ್ಣೆಯನ್ನೂ ಎಂಜಿನ್ ಎಣ್ಣೆಯನ್ನೂ ಸಮವಾಗಿ ಬೆರಸಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಬಿಟ್ಟು, ಎರಡು ದಿವಸ ನೆನೆಯಗೊಟ್ಟು, ಪ್ಲಗ್ಗುಗಳಿಲ್ಲದೆ ಕೈಯಿಂದ ತಿರುಗಿಸಿ, ಮಿಕ್ಕ ಎಣ್ಣೆಯನ್ನು ಹೊರಕ್ಕೆ ಹಾಕಿ, ತೊಟ್ಟಿಯ ಎಣ್ಣೆಯನ್ನು ಬದಲಾಯಿಸಿ ನಡೆಸಿದರೆ ಎಷ್ಟೋ ವೇಳೆ ಅವು ಬಿಡಿಸಿಕೊಳ್ಳುತ್ತವೆ.

ಇದಕ್ಕಿಂತ ಉತ್ತಮವಾದುದು ಮುನ್ನೆಚ್ಚರಿಕೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಂಜಿನ್ನನ್ನು ನಡೆಸುವುದಾದರೆ ಐದು ನಿಮಿಷ ನಡೆಸಿ ನಿಲ್ಲಿಸಬಾರದು. ಅಷ್ಟರಲ್ಲಿ ಒಳಗೆ ನೀರಾವಿಯು ಹನಿಗೂಡಿ ತುಕ್ಕು ಹೆಚ್ಚುವುದೇ ಫಲ. ಪೂರ್ತಿ ಬಿಸಿಯಾಗುವಂತೆ ಅರ್ಧ ಗಂಟೆಯಾದರೂ ದಾರಿಯಲ್ಲಿ ಓಡಿಸಬೇಕು. ಓಡಿಸುವುದಿಲ್ಲವೆಂದಾದರೆ ಟ್ಯಾಂಕಿಯ ಪೆಟ್ರೋಲನ್ನು ಖಾಲಿಮಾಡಿಡುವುದು ಒಳ್ಳೆಯದು. ಏಕೆಂದರೆ ಎಥನಾಲು ಗಾಳಿಯ ತೇವವನ್ನು ಹೀರಿಕೊಂಡು, ಮಿತಿಮೀರಿದಾಗ ನೀರಿನೊಡನೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ.

ಸಾರಾಂಶ

ಮೇಲೆ ಹೇಳಿದ ಎಲ್ಲವನ್ನೂ ನೆನಪಿನಲ್ಲಿಡಲಾಗದವರು ಇಷ್ಟನ್ನು ಮಾತ್ರ ನೆನಪಿಡಲಿ. ನಾಲ್ಕು ಅಂಕಿಗಳನ್ನು ಬರೆದುಕೊಳ್ಳದೆ ಎಂಜಿನ್ನನ್ನು ಬಿಚ್ಚಗೊಡಬಾರದು. ಎಣ್ಣೆಯ ಪರೀಕ್ಷೆಯು ಉಂಗುರವನ್ನೇ ತೋರಿಸದೆ ಸಿಲಿಂಡರನ್ನು ಕೊರೆಯಗೊಡಬಾರದು. ಕವಾಟವನ್ನು ಉಜ್ಜಿದ ಮೇಲೆ ಸಂದನ್ನು ತಮ್ಮ ಕಣ್ಣೆದುರಿಗೆ ಅಳೆಸದೆ ಹಣವನ್ನು ಕೊಡಬಾರದು. ಪ್ರತಿ ವರ್ಷ ಅಕ್ಟೋಬರಿನಲ್ಲಿ ಅಳೆದ ಅಂಕಿಗಳನ್ನು ತಾರೀಖಿನೊಡನೆ ಜೀಪಿನ ಕೊಟ್ಟಿಗೆಯ ಬಾಗಿಲಿನ ಒಳಮೈಯಲ್ಲಿ ಬಣ್ಣದಿಂದ ಬರೆದಿಟ್ಟರೆ, ನಾಲ್ಕೈದು ವರ್ಷಗಳಲ್ಲಿ ಎಂಜಿನ್ನಿನ ಜಾತಕವೇ ಕಣ್ಣ ಮುಂದಿರುತ್ತದೆ. ಹೀಗೆ ಬರೆದಿಟ್ಟಿರುವ ಬಾಗಿಲೊಂದನ್ನು ನಾನು ಬಲ್ಲೆನು; ಅದು ಮೇಲೆ ಹೇಳಿದ ಗೃಹಸ್ಥರ ಮನೆಯದೇ.

ಕೊನೆಯದಾಗಿ ಇನ್ನೊಂದು ಮಾತು. ವಾಹನವನ್ನು ದಿನವೂ ನೋಡುವವರು, ಅದರ ಸದ್ದನ್ನು ದಿನವೂ ಕೇಳುವವರು, ಯಂತ್ರಶಾಸ್ತ್ರವನ್ನು ಓದದೆ ಇರಬಹುದು. ಆದರೂ ಅದು ಯಾವಾಗ ನಡುಗುತ್ತದೆ, ಯಾವಾಗ ನಡುಗುವುದಿಲ್ಲ ಎಂಬುದನ್ನು ಅವರಷ್ಟು ಸರಿಯಾಗಿ ಬಲ್ಲವರಿಲ್ಲ. ರೋಗಿಯನ್ನು ಮುಟ್ಟುವುದಕ್ಕೆ ಮುಂಚೆ ಮನೆಯವರನ್ನು ವಿಚಾರಿಸುವುದು ವೈದ್ಯರ ಪದ್ಧತಿ. ಎಂಜಿನ್ನಿಗೆ ಕೈ ಹಾಕುವವರೂ, ಸಲಹೆ ಕೊಡುವ ನನ್ನಂಥವರೂ ಅದೇ ಪದ್ಧತಿಯನ್ನು ಅನುಸರಿಸತಕ್ಕದ್ದು.